ಅಪ್ಪನ ಹೆಸರಿಗೆ ಬಂದ ನೋಟೀಸು

ಮಾಳಪ್ಪನವರ ತಲೆಯೊಳಗೆ ಏನೋ ತಪ್ಪಿದೆ ಎಂದು ಮನೆಯವರಿಗೆ ಖಚಿತವಾದದ್ದು ಅಕ್ಕಿಆಲೂರಿನ ಸಂತೆಯ ದಿನ. ಮುಂಜಾನೆ ಚಹಾ ಕುಡಿದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹಿರೇಕೆರೂರಿನ ಮನೆಯಿಂದ ಹೊರಟವರು ಊಟದ ಹೊತ್ತಿಗೂ ಬಂದಿರಲಿಲ್ಲ. ಮಗಳು ಸಮತಾ ಅಬಲೂರಿನ ಪಂಚಾಯಿತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕಿ. ಪಕ್ಕದ ಮನೆಯ ಶೇಖವ್ವ ಫೋನು ಮಾಡಿದ್ದೇ, ಪೇಪರು ಓದುತ್ತ ಕುಳಿತಿದ್ದ ಇಬ್ಬರು ಮುದುಕರನ್ನು ಕೈಮುಗಿದು ಎಬ್ಬಿಸಿ, ಬಾಗಿಲಿಗೆ ಬೀಗ ಹಾಕಿ ಓಡಿ ಬಂದಳು. ಬಸ್‌ಸ್ಟ್ಯಾಂಡು, ಕೋರ್ಟಿನ ಆವರಣ, ಅಪ್ಪನ ಹಳೆಯ ಗೆಳೆಯರ ಮನೆಗಳು, ಎಲ್ಲ ಕಡೆ ಹುಡುಕಿಯಾದ ಮೇಲೆ, ನಾಲ್ಕು ಗಂಟೆಯ ಸುಮಾರಿಗೆ ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯ ಗುಮಾಸ್ತರಿಂದ ಫೋನು ಬಂತು. ಮಾಳಪ್ಪನವರ ಕಿಸೆಯ ಸಣ್ಣ ಡೈರಿಯಲ್ಲಿ ಸಮತಾಳ ನಂಬರು ಇತ್ತು.

"ನಿಮ್ಮ ತಂದಿಯವರು ಇಲ್ಲೇ ಕುಂತಾರ್ರಿ. ಸಾವಕಾರ್ರಿಗೆ ನೋಟೀಸ್ ಐತಿ, ಸಹಿ ಮಾಡ್ಸಿಕೊಂಡ ಹೋಗ್ತೇನಿ ಅನ್ನಾಕತ್ತಾರ. ಆ ಸಾವಕಾರ್ರು ತೀರಿಕೊಂಡು ಹದಿನೆಂಟ ವರ್ಷ ಆತ್ರಿ."

ಸಮತಾ ಹೋಗಿ ನೋಡಿದರೆ ಅಪ್ಪ ಭತ್ತದ ಚೀಲದ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದರು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಹಳೆಯ ಕರೆಂಟು ಬಿಲ್ಲು. ಮಗಳನ್ನು ಕಂಡು ದನಿ ತಗ್ಗಿಸಿ ಹೇಳಿದರು: "ಪಾರ್ಟಿ ಒಳಗ ಅದಾನ. ಇಲ್ಲಂತ ಸುಳ್ಳ ಹೇಳಾಕತ್ತಾರ."

ಆಕೆಗೆ ಏನು ಹೇಳಬೇಕೋ ತಕ್ಷಣ ಹೊಳೆಯಿತು. "ಇವತ್ತ ಬ್ಯಾಡ ಅಪ್ಪಾ. ಮೊದಲನೇ ಸಲ ಬಂದಿದ್ದೆ, ಸಿಗಲಿಲ್ಲ ಅಂತ ಷರಾ ಬರಿ. ಇನ್ನೊಂದ ಸಲ ಬರೋಣು."

"ಹೌದು, ಹಂಗ ಬರೀಬೇಕ ನೋಡು," ಎಂದು ಮಾಳಪ್ಪನವರು ಎದ್ದರು.

ಮೂವತ್ತಾರು ವರ್ಷ ಅವರು ಮಾಡಿದ ಕೆಲಸ ಅದು. ಕೋರ್ಟಿನ ಸಮನ್ಸು, ನೋಟೀಸುಗಳನ್ನು ಊರೂರಿಗೆ ಒಯ್ದು, ಹೆಸರಿದ್ದವರ ಕೈಗೇ ಕೊಟ್ಟು, ಸಹಿ ಹಾಕಿಸಿಕೊಂಡು ಬರುವ ನೌಕರ. ಜನರ ಬಾಯಲ್ಲಿ ಬೇಲಿಫ. ಹಾನಗಲ್ಲಿನ ಕೋರ್ಟಿನಲ್ಲಿ ಹನ್ನೆರಡು ವರ್ಷ, ಉಳಿದದ್ದೆಲ್ಲ ಹಿರೇಕೆರೂರಿನಲ್ಲಿ. ಬಸ್ಸು ಇದ್ದ ಕಡೆ ಬಸ್ಸು, ಇಲ್ಲದ ಕಡೆ ಸೈಕಲ್ಲು. ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವರು. ಎಷ್ಟೋ ಮನೆಗಳಲ್ಲಿ ದನದ ಕೊಟ್ಟಿಗೆಯಿಂದ ಈಚೆಗೇ ನಿಲ್ಲಬೇಕಾಗಿದ್ದ ಕಾಲ. ಆದರೆ ನೋಟೀಸು ತಂದಾಗ ಮನೆಯ ಯಜಮಾನರೇ ಎದ್ದು ಬೀದಿಗೆ ಬಂದು, ಮಾಳಪ್ಪ ಕೊಟ್ಟ ಪೆನ್ನಿನಿಂದ, ಮಾಳಪ್ಪ ತೋರಿಸಿದ ಜಾಗದಲ್ಲಿ ಸಹಿ ಹಾಕಬೇಕಿತ್ತು. ಅದರಿಂದ ಅವರಿಗೆ ಸೊಕ್ಕು ಬರಲಿಲ್ಲ. ಮನೆಯಲ್ಲಿ ಹೆರಿಗೆಯೋ ಸಾವೋ ಆಗಿದ್ದರೆ ಸುಮ್ಮನೆ ಹಿಂದಿರುಗಿ ಇನ್ನೊಂದು ದಿನ ಬರುತ್ತಿದ್ದರು. ಮರದ ಕೆಳಗೆ ಕುಳಿತು 'ಮನೆಗೆ ಬೀಗವಿತ್ತು' ಎಂದು ಬರೆದುಕೊಂಡು ಹೋದದ್ದಂತೂ ಒಂದು ದಿನವೂ ಇಲ್ಲ. ನೌಕರಿಗೆ ಸೇರಿದ ಕೆಲ ವರ್ಷಕ್ಕೆ ಹೆಂಡತಿ ವೀರವ್ವನೊಡನೆ ಬೌದ್ಧ ದೀಕ್ಷೆ ತೆಗೆದುಕೊಂಡರು. ಮರುವರ್ಷ ಹುಟ್ಟಿದ ಮಗಳಿಗೆ ಕೇರಿಯಲ್ಲಿ ಯಾರೂ ಕೇಳದಿದ್ದ ಹೆಸರಿಟ್ಟರು. ಆಮೇಲೆ ಹುಟ್ಟಿದ ಮಗನಿಗೆ ಮಾತ್ರ ಅಜ್ಜಿಯ ಹಟಕ್ಕೆ ಫಕ್ಕೀರೇಶ ಎಂಬ ಹೆಸರಾಯಿತು.

ಸಂಜೆ ಮನೆಗೆ ಬಂದು ಕಾಲು ತೊಳೆದುಕೊಂಡ ಮೇಲೆ ಮಾಳಪ್ಪನವರು ಮಗಳನ್ನು ಕರೆಯುತ್ತಿದ್ದರು. "ಯವ್ವಾ, ಇವತ್ತ ಎಲ್ಲಿ ಹೋಗಿದ್ದೆ ಕೇಳು." ಯಾವ ಊರು, ಯಾವ ಹಳ್ಳ, ಯಾವ ಮನೆಯ ನಾಯಿ ಬೆನ್ನಟ್ಟಿತು, ಯಾವ ಮುದುಕಿ ನೋಟೀಸನ್ನು ಲಗ್ನಪತ್ರಿಕೆ ಎಂದು ತಿಳಿದು ಅರಿಶಿನ ಹಚ್ಚಿದಳು. ಹಾನಗಲ್ಲಿನಿಂದ ಹಿರೇಕೆರೂರಿನ ತನಕದ ಹಳ್ಳಿಗಳನ್ನು ಸಮತಾ ಕಣ್ಣಿಂದ ನೋಡುವ ಮೊದಲೇ ಕಿವಿಯಿಂದ ನೋಡಿದ್ದಳು.

ಆಕೆಯನ್ನು ಬಂಕಾಪುರಕ್ಕೆ ಕೊಟ್ಟಿದ್ದರು. ಮೂರು ವರ್ಷಕ್ಕೆ ಮದುವೆ ಮುರಿಯಿತು. ಆ ಕತೆ ಇಲ್ಲಿ ಬೇಡ. ಕರೆತರಲು ಅಪ್ಪ ಒಬ್ಬರೇ ಬಂದಿದ್ದರು. ಬೀಗರ ಮನೆಯಲ್ಲಿ ಜಗಳ ಮಾಡಲಿಲ್ಲ, ಒಂದು ಮಾತು ಎತ್ತಲಿಲ್ಲ. ಬಸ್ಸಿನಲ್ಲಿ ಉದ್ದಕ್ಕೂ ಹಿಂದಿನ ವಾರ ನೋಟೀಸು ಕೊಡಲು ಹೋಗಿದ್ದ ಊರಿನ ಸುದ್ದಿ ಹೇಳುತ್ತ ಬಂದರು. ಆಮೇಲೆ ಇಪ್ಪತ್ತು ವರ್ಷ ಅಪ್ಪ, ಅವ್ವ, ಸಮತಾ ಹಿರೇಕೆರೂರಿನ ಎರಡು ಕೋಣೆಯ ಮನೆಯಲ್ಲಿ ಇದ್ದರು. ಅವ್ವ ತೀರಿಕೊಂಡ ಮೇಲೆ ಇಬ್ಬರೇ.

ಅಕ್ಕಿಆಲೂರಿನ ಆ ದಿನದ ನಂತರ ಮಾತು ಕಡಿಮೆಯಾಯಿತು. ಹೇಳುತ್ತಿದ್ದ ಸುದ್ದಿ ನಡುವೆಯೇ ಕಡಿದುಹೋಗುತ್ತಿತ್ತು. ಆದರೂ ಒಂದು ವರ್ಷ ಹೇಗೋ ನಡೆಯಿತು. ನಡೆಯದಾದದ್ದು ಬ್ಯಾಂಕಿನಲ್ಲಿ.

ಪಿಂಚಣಿ ತೆಗೆಯಲು ಪ್ರತಿ ತಿಂಗಳೂ ಇಬ್ಬರೂ ಹೋಗುತ್ತಿದ್ದರು. ಮಾಳಪ್ಪನವರು ಚೀಟಿಯ ಮೇಲೆ ತಮ್ಮ ಪೂರ್ತಿ ಹೆಸರು ಬರೆದು ಕೆಳಗೊಂದು ಗೆರೆ ಎಳೆಯುತ್ತಿದ್ದರು. ೨೦೨೨ರ ಜೂನಿನಲ್ಲಿ ಆ ಹೆಸರು 'ಮಾಳ' ಎಂಬಲ್ಲಿಗೆ ನಿಂತಿತು. ಮುಂದಿನ ಅಕ್ಷರಕ್ಕೆ ಪೆನ್ನು ಎತ್ತಿ ಹಿಡಿದು ಅವರು ಬಹಳ ಹೊತ್ತು ಕಾದರು. ಮ್ಯಾನೇಜರು ಒಳ್ಳೆಯವರು, ಹೆಬ್ಬೆಟ್ಟು ಒತ್ತಿಸೋಣ ಎಂದು ತಾವೇ ಎದ್ದು ಬಂದರು. ಸಮತಾ ಅಪ್ಪನ ಕೈ ಹಿಡಿದು ಶಾಯಿಯ ಕಡೆ ಒಯ್ದಾಗ ಅವರು ಕೈ ಕೊಸರಿಕೊಂಡು ಮ್ಯಾನೇಜರಿಗೆ ಹೇಳಿದರು:

"ಸಾಹೇಬ್ರ, ಈ ಬಾಯಿ, ಈ ಹೆಣ್ಣಮಗಳು ಯಾರೋ ನನಗ ಗೊತ್ತಿಲ್ಲ. ನನ್ನ ರೊಕ್ಕಕ್ಕ ಬಂದಾಳ."

ಸಾಲಿನಲ್ಲಿ ನಿಂತವರು ತಿರುಗಿ ನೋಡಿದರು. ಅರ್ಧಕ್ಕರ್ಧ ಪರಿಚಯದವರೇ. ಸಮತಾ ಅಪ್ಪನ ಹಿಂದೆ, ಎರಡು ಹೆಜ್ಜೆ ದೂರ ನಿಂತುಕೊಂಡಳು.

ಮ್ಯಾನೇಜರು ಆಮೇಲೆ ಕ್ಯಾಬಿನ್ನಿಗೆ ಕರೆದು ಮೆಲ್ಲಗೆ ತಿಳಿಸಿದರು. "ನೀವು ಅವರ ಮಗಳು ಅನ್ನೂದು ಊರಿಗೇ ಗೊತ್ತೈತ್ರಿ. ಆದ್ರ ಖಾತೆದಾರರು ಬಾಯಿಬಿಟ್ಟು ಬ್ಯಾಡ ಅಂದ ಮ್ಯಾಲ ನಾ ಕೊಡಾಕ ಬರಂಗಿಲ್ಲ. ಕೋರ್ಟಿನಿಂದ ಗಾರ್ಡಿಯನ್ ಅಂತ ಆರ್ಡರ್ ಮಾಡಿಸಿಕೊಂಡ ಬರ್ರಿ."

ಗಾರ್ಡಿಯನ್ ಎಂದರೆ ಶಾಲೆಯ ಅರ್ಜಿಯಲ್ಲಿ ಮಕ್ಕಳ ಹೆಸರಿನ ಕೆಳಗೆ ಬರುವ ಮಾತು ಎಂದಷ್ಟೇ ಆಕೆಗೆ ಗೊತ್ತಿತ್ತು.

ಊರಿನ ವಕೀಲರು ಗುತ್ತೆಪ್ಪನವರು ಮಾಳಪ್ಪನವರನ್ನು ತಮ್ಮ ಚಿಕ್ಕಂದಿನಿಂದ ಬಲ್ಲವರು. ಅರ್ಜಿಯನ್ನು ಕನ್ನಡದಲ್ಲೇ ಬರೆಸಿ ಓದಿ ಹೇಳಿದರು. 'ಸದರಿ ಮಾಳಪ್ಪನು ತನ್ನ ಒಳಿತು ಕೆಡುಕುಗಳನ್ನು ಅರಿಯಲಾರದವನಾಗಿದ್ದು, ತನ್ನ ವ್ಯವಹಾರವನ್ನು ತಾನು ನೋಡಿಕೊಳ್ಳಲು ಅಸಮರ್ಥನಾಗಿದ್ದಾನೆ.'

"ಸರ, 'ಇದ್ದಾರೆ' ಅಂತ ಬರೀಬೌದಲ್ರಿ," ಎಂದಳು ಸಮತಾ.

"ಕೋರ್ಟಿನ ಭಾಷಾ ಹಂಗ ಇರ್ತೈತವಾ."

"ಅಷ್ಟೊಂದ ಬದಲಿ ಮಾಡ್ರಿ."

ಗುತ್ತೆಪ್ಪನವರು ಕನ್ನಡಕ ತೆಗೆದು ಆಕೆಯನ್ನು ನೋಡಿದರು. ಆಮೇಲೆ ಏಳು ಪುಟಗಳನ್ನೂ ಮೊದಲಿಂದ ತಿದ್ದಿಸಿದರು. ಐದು ತಿಂಗಳು, ಒಂಬತ್ತು ತಾರೀಖುಗಳಾದ ಮೇಲೆ ಆ ಅರ್ಜಿ ವಾಪಸು ಬಂತು. ಇದನ್ನು ಕೊಡುವ ಅಧಿಕಾರ ಕೆಳಗಿನ ಕೋರ್ಟಿಗೆ ಇಲ್ಲವಂತೆ. ಗುತ್ತೆಪ್ಪನವರು ತಮ್ಮ ಫೀಜು ತೆಗೆದುಕೊಳ್ಳಲಿಲ್ಲ. ಧಾರವಾಡದ ಹೈಕೋರ್ಟ್ ಪೀಠದಲ್ಲಿ ಕೆಲಸ ಮಾಡುವ ಒಬ್ಬ ವಕೀಲೆಯ ಹೆಸರು ಬರೆದುಕೊಟ್ಟರು: ನುಜಹತ, ಸವಣೂರಿನವರು.

ನುಜಹತ ರವಿವಾರ ಸವಣೂರಿನ ತವರಿಗೆ ಬರುತ್ತಿದ್ದರು. ಧಾರವಾಡದ ತನಕ ಹೋಗುವ ಖರ್ಚು ಉಳಿಯಲಿ ಎಂದು ಸಮತಾಳನ್ನು ಅಲ್ಲಿಗೇ ಬರಹೇಳಿದರು. ಎಲೆಬಳ್ಳಿ ತೋಟದ ಹತ್ತಿರದ ಸಣ್ಣ ಮನೆ. ಅವರ ತಾಯಿ ಚಹಾ ತಂದಿಟ್ಟು, ಕೇಳದೆಯೇ ಸಮತಾಳ ಪಕ್ಕಕ್ಕೆ ಒಂದು ದಿಂಬು ಇಟ್ಟು ಹೋದರು. ಮೂರು ಬಸ್ಸು ಬದಲಿಸಿ ಬಂದವಳ ಬೆನ್ನು ಅವರಿಗೆ ಕಂಡಿತ್ತೇನೋ.

"ಸಣ್ಣ ಮಕ್ಕಳಿಗೆ ಗಾರ್ಡಿಯನ್ ಮಾಡಾಕ ಕಾಯ್ದೆ ಐತ್ರಿ ಅಕ್ಕಾರ," ಎಂದರು ನುಜಹತ. "ಮರವು ಬಂದ ಹಿರಿಯರಿಗೆ ಅಂಥಾ ಸೀದಾ ದಾರಿ ಇಲ್ಲ. ಹೈಕೋರ್ಟಿಗೇ ಕೇಳಬೇಕು. ಡಾಕ್ಟರ ಸರ್ಟಿಫಿಕೇಟ್ ಬೇಕು, ತಮ್ಮನ ಒಪ್ಪಿಗಿ ಬೇಕು. ಆಮ್ಯಾಲ ಇನ್ನೊಂದು. ಅಪ್ಪಾರನ್ನೂ ಪ್ರತಿವಾದಿ ಮಾಡಬೇಕಾಗ್ತೈತಿ."

"ಅಪ್ಪನ ಮ್ಯಾಲ ಕೇಸೇನ್ರಿ?"

"ಮ್ಯಾಲ ಅಲ್ರಿ. ಅವರ ಹಕ್ಕನ್ನ ನೀವು ಕೇಳಾಕತ್ತೀರಿ. ಅವರಿಗೆ ತಿಳಿಸದ ಕೇಳಾಕ ಬರಂಗಿಲ್ಲ."

ಈ ಸಲದ ಅರ್ಜಿ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಅಪ್ಪನಿಗೆ ಬಹುವಚನ ಕೇಳುವ ದಾರಿಯೇ ಇರಲಿಲ್ಲ. ಸಮತಾ ಸಹಿ ಮಾಡಿದಳು.

ತಮ್ಮ ಫಕ್ಕೀರೇಶ ಶಿಗ್ಗಾಂವಿಯಲ್ಲಿ, ಗೊಟಗೋಡಿಗೆ ಹೋಗುವ ರಸ್ತೆಯಲ್ಲಿ, ಮೋಟಾರು ಪಂಪುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ತಿಂಗಳಿಗೊಮ್ಮೆ ಬಂದು ಅಪ್ಪನ ಗಡ್ಡ ಹೆರೆದು, ಉಗುರು ತೆಗೆದು ಹೋಗುತ್ತಿದ್ದ. ಸಮತಾ ಒಪ್ಪಿಗೆ ಪತ್ರ ಹಿಡಿದು ಹೋದಾಗ ಅವನು ತಾಮ್ರದ ತಂತಿ ಸುತ್ತುತ್ತಲೇ ಓದಿದ. ಓದಿ ಮುಗಿಸಿ ಸುತ್ತುವುದನ್ನು ನಿಲ್ಲಿಸಿದ.

"ಅಪ್ಪಗ ಬುದ್ಧಿ ಇಲ್ಲಂತ ನಾ ಬರದ್ ಕೊಡ್ಲೇನಕ್ಕ? ಮೂವತ್ತಾರ ವರ್ಷ ಅಂವ ಕೋರ್ಟಿನ ಚಾಕರಿ ಮಾಡ್ಯಾನ. ಅದ ಕೋರ್ಟಿಗೆ?"

"ಬುದ್ಧಿ ಇಲ್ಲಂತ ಅಲ್ಲೋ. ನಾ ನೋಡಿಕೊಳ್ತೇನಿ ಅಂತ."

"ಇದರಾಗ ಹಂಗ ಇಲ್ಲ. ರೊಕ್ಕ ಸಾಲಂಗಿಲ್ಲ ಅಂದ್ರ ನಾ ಕಳಸ್ತೇನಿ. ಕಾಗದಕ್ಕ ಕೈ ಹಚ್ಚಬ್ಯಾಡ."

"ಅಪ್ಪನ ರೊಕ್ಕ ಬ್ಯಾಂಕಿನ್ಯಾಗ ಕೊಳ್ಯಾಕತ್ತೈತಿ. ನಿನ್ನ ಮಕ್ಕಳ ಹೊಟ್ಟಿಗೆ ಹಾಕೂದನ್ನ ಯಾಕ ಕಳಸ್ತಿ?"

ಅವನು ಮತ್ತೆ ತಂತಿ ಸುತ್ತತೊಡಗಿದ. ಎರಡು ತಿಂಗಳು ತಪ್ಪದೆ ಕಳಿಸಿದ. ಮೂರನೆಯ ತಿಂಗಳು ಅರ್ಧ. ಆಮೇಲೆ ಒಂದು ದಿನ ಫೋನು ಬಂತು: ಮಧ್ಯಾಹ್ನದ ಬಸ್ಸಿನ ಕಂಡಕ್ಟರ ಕೈಯಲ್ಲಿ ಲಕೋಟೆ ಕೊಟ್ಟಿದ್ದೇನೆ, ಇಸಿದುಕೋ. ಒಳಗೆ ಸಹಿ ಹಾಕಿದ ಒಪ್ಪಿಗೆ ಪತ್ರವಿತ್ತು, ಬೇರೇನೂ ಇರಲಿಲ್ಲ. ಆ ತಿಂಗಳು ಅವನು ಬರಲಿಲ್ಲ, ಮುಂದಿನ ತಿಂಗಳೂ. ಅಪ್ಪನ ಗಡ್ಡ ಹೆರೆಯುವುದನ್ನು ಸಮತಾ ಕಲಿತಳು. ಮೊದಲ ಸಲ ಗಲ್ಲದ ಮೇಲೆ ಗಾಯವಾಯಿತು; ಅವರು ಅಂಗೈಯಲ್ಲಿ ರಕ್ತ ಒರೆಸಿಕೊಂಡು, ಬೇರೆಯವರದೇನೋ ಎಂಬಂತೆ ನೋಡಿದರು.

ಅವ್ವನ ಬೆಂಡೋಲೆ ಮಾರಿದ್ದು ಆಗಲೇ. ತಾರೀಖಿಗೆಂದು ಹೋದ ದಿನ ಗ್ರಂಥಾಲಯ ಮುಚ್ಚಿರುತ್ತಿತ್ತು, ಆ ದಿನದ ಗೌರವಧನ ಇಲ್ಲ. ಅಬಲೂರಿನ ಜನ ಪಂಚಾಯಿತಿಗೆ ದೂರು ಕೊಟ್ಟರು. ಕೊಟ್ಟವರು ತಪ್ಪೇನೂ ಹೇಳಿರಲಿಲ್ಲ. ಶೇಖವ್ವ ಹಗಲು ಬಂದು ಮಾಳಪ್ಪನವರ ಹತ್ತಿರ ಕುಳಿತುಕೊಳ್ಳುತ್ತಿದ್ದಳು. ಕೂಲಿ ಬಿಟ್ಟು ಬರುವವಳಿಗೆ ಪುಕ್ಕಟೆ ಕೂರು ಎನ್ನಲಾಗುತ್ತದೆಯೇ? ಒಂದು ನೋಟುಬುಕ್ಕಿನಲ್ಲಿ ಸಮತಾ ಎಲ್ಲವನ್ನೂ ಬರೆದಿಡಲು ತೊಡಗಿದ್ದಳು. ಬಸ್ ಚಾರ್ಜು, ಝೆರಾಕ್ಸು, ಸ್ಟ್ಯಾಂಪು ಎಂದು ನಾಲ್ಕು ಪುಟ ತುಂಬಿದ ಮೇಲೆ ಬಿಟ್ಟುಬಿಟ್ಟಳು.

ಮಾರ್ಚಿನ ಒಂದು ಮುಂಜಾನೆ ಹಿರೇಕೆರೂರು ಕೋರ್ಟಿನ ಬೇಲಿಫ ಚೌಡಪ್ಪ ಮನೆಯ ಮುಂದೆ ಬೈಕು ನಿಲ್ಲಿಸಿದರು. ಹೈಕೋರ್ಟಿನ ನೋಟೀಸು ಸ್ಥಳೀಯ ಕೋರ್ಟಿನ ಮೂಲಕವೇ ಬರುತ್ತದೆ ಎಂದು ನುಜಹತ ಹೇಳಿದ್ದರು. ಆದರೆ ತರುವವರು ಚೌಡಪ್ಪ ಎಂದು ಸಮತಾ ಯೋಚಿಸಿರಲಿಲ್ಲ. ಅವರು ನೌಕರಿಗೆ ಸೇರಿದ ಹೊಸತರಲ್ಲಿ ಎರಡು ವರ್ಷ ಮಾಳಪ್ಪನವರ ಸೈಕಲ್ಲಿನ ಹಿಂದೆ ಕುಳಿತು ಕೆಲಸ ಕಲಿತವರು.

ಮಾಳಪ್ಪನವರು ಬಾಗಿಲ ಬಳಿ ಕುರ್ಚಿಯಲ್ಲಿ ಬಿಸಿಲು ಕಾಯಿಸುತ್ತಿದ್ದರು. ಚೌಡಪ್ಪ ಮೆಟ್ಟಿಲ ಕೆಳಗೇ ನಿಂತರು. ಕೈಯಲ್ಲಿದ್ದ ಕಾಗದ ಮುಂದೆ ಬರಲಿಲ್ಲ.

ಮಾಳಪ್ಪನವರಿಗೆ ಮನುಷ್ಯನ ಗುರುತು ಸಿಗಲಿಲ್ಲ, ಕಾಗದದ ಗುರುತು ಸಿಕ್ಕಿತು. ಕೈ ಚಾಚಿ ಇಸಿದುಕೊಂಡರು. ತಿರುಗಿಸಿ ಮುದ್ರೆ ನೋಡಿದರು, ಬೆಳಕಿಗೆ ಹಿಡಿದು ತಾರೀಖು ನೋಡಿದರು.

"ಪಾರ್ಟಿ ಹೆಸರೇನು?"

"ಮಾಳಪ್ಪ ಅಂತ್ರಿ ಸರ."

"ಮನ್ಯಾಗ ಅದಾರೇನು?"

ಚೌಡಪ್ಪ ಸಮತಾಳ ಮುಖ ನೋಡಿದರು. ಆಕೆ ನೆಲ ನೋಡುತ್ತಿದ್ದಳು. "ಅದಾರ್ರಿ," ಎಂದರು.

"ಹಂಗಾರ ಅವರ ಕೈಯಾಗ ಕೊಡು. ಮನಿ ಮಂದಿ ಕೈಯಾಗ ಕೊಟ್ಟು ಹೋಗಬ್ಯಾಡ. ನಾಳೆ ನನಗ ಮುಟ್ಟಿಲ್ಲ ಅಂದ್ರ ಏನ ಮಾಡ್ತಿ?"

"ಅವರ ಕೈಯಾಗ ಕೊಟ್ಟೇನ್ರಿ ಸರ."

"ಸಹಿ?"

ಚೌಡಪ್ಪ ಬ್ಯಾಗಿನಿಂದ ನಕಲು ಪ್ರತಿಯನ್ನೂ ಪೆನ್ನನ್ನೂ ತೆಗೆದುಕೊಟ್ಟರು. ಮಾಳಪ್ಪನವರು ಅದನ್ನು ತೊಡೆಯ ಮೇಲೆ ಹರವಿಕೊಂಡರು. ಪಡೆದವರ ಸಹಿಯ ಜಾಗ ಬಿಟ್ಟು, ಇನ್ನೂ ಕೆಳಗೆ, ನೋಟೀಸು ಮುಟ್ಟಿಸಿದ ಬೇಲಿಫನ ಸಹಿ ಇರುವಲ್ಲಿ ಪೆನ್ನು ಊರಿದರು. ಒಂಬತ್ತು ತಿಂಗಳಿಂದ ಬಾರದಿದ್ದ ಅಕ್ಷರಗಳು ಒಂದಾದ ಮೇಲೆ ಒಂದು ಬಂದವು. ಪೂರ್ತಿ ಹೆಸರು, ಕೆಳಗೊಂದು ಗೆರೆ.

ಚೌಡಪ್ಪ ಆ ಸಹಿಯ ಪಕ್ಕದ ಸಂದಿಯಲ್ಲಿ ತಮ್ಮ ಸಹಿ ಮಾಡಿಕೊಂಡರು. ಸಮತಾ ನೀರು ತಂದಳು.

"ಬ್ಯಾಡವಾ. ನೋಟೀಸ್ ಕೊಟ್ಟ ಮನ್ಯಾಗ ನೀರ ಕುಡೀಬಾರದು ಅಂತ ಇವರ ನನಗ ಹೇಳಿಕೊಟ್ಟದ್ದು," ಎಂದು ಚೌಡಪ್ಪ ಹಿಂದೆ ಸರಿದರು. ಬೈಕು ಚಾಲು ಮಾಡಲು ಅವರು ಮೂರು ಸಲ ಒದೆಯಬೇಕಾಯಿತು.

ಏಪ್ರಿಲ್ಲಿನಲ್ಲಿ ಧಾರವಾಡದಲ್ಲಿ, ಕೋರ್ಟು ಹೇಳಿದಂತೆ, ಮೂವರು ವೈದ್ಯರು ಅಪ್ಪನನ್ನು ಪರೀಕ್ಷಿಸಿದರು. ಸಮತಾ ಹೊರಗಿನ ಬೆಂಚಿನಲ್ಲಿ ಕುಳಿತಿದ್ದಳು. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಒಳಗಿನ ಪ್ರಶ್ನೆಗಳು ಕೇಳುತ್ತಿದ್ದವು. ಇವತ್ತು ಯಾವ ವಾರ? ನೂರರಲ್ಲಿ ಏಳು ಕಳೆದರೆ ಎಷ್ಟು? ಅಪ್ಪ ಸರಿಯಾಗಿ ಹೇಳಲಿ ಎಂದು ಆಕೆಯ ತುಟಿ ತಾನಾಗಿ ಅಲುಗುತ್ತಿತ್ತು. ಸರಿಯಾಗಿ ಹೇಳಿದರೆ ಇಷ್ಟು ದಿನ ಪಟ್ಟದ್ದೆಲ್ಲ ನೀರುಪಾಲು. ತೊಂಬತ್ತಮೂರು ಎಂದು ಆಕೆ ಬೆಂಚಿನಲ್ಲಿ ಕುಳಿತು ಒಳಗೊಳಗೇ ಹೇಳಿದಳು. ಒಳಗಿನಿಂದ ದನಿ ಬರಲಿಲ್ಲ.

ಕೊನೆಗೆ, ಮನೆಯ ಸ್ಥಿತಿ ನೋಡಿ ವರದಿ ಕೊಡಲು ಕೋರ್ಟು ಒಬ್ಬ ಅಧಿಕಾರಿಯನ್ನು ಕಳಿಸಿತು. ನಡುವಯಸ್ಸಿನ ಹೆಣ್ಣುಮಗಳು. ಬುದ್ಧನ ಪಟದ ಕೆಳಗೆ ಚಾಪೆಯ ಮೇಲೇ ಕುಳಿತರು. ಅಡುಗೆಮನೆ, ಔಷಧದ ಡಬ್ಬಿ, ಮಾಳಪ್ಪನವರ ಹಾಸಿಗೆ ನೋಡಿದರು. ಆಮೇಲೆ ಅವರನ್ನೇ ಮಾತಾಡಿಸಿದರು. ಸಮತಾ ಅಪ್ಪನ ಪಕ್ಕದಲ್ಲೇ ಇದ್ದಳು.

"ನಿಮ್ಮನ್ನ ಯಾರು ನೋಡಿಕೊಳ್ತಾರ್ರಿ ಅಜ್ಜಾರ?"

"ನನ್ನ ಮಗಳ್ರಿ," ಎಂದರು ಮಾಳಪ್ಪನವರು ತಡವಿಲ್ಲದೆ. "ಸಮತಾ ಅಂತ. ಓದಿದಾಕಿ. ಅಬಲೂರಿಗೆ ಹೋಗ್ಯಾಳ, ಸಂಜಿಕ ಬರ್ತಾಳ."

ಅಧಿಕಾರಿ ಸಮತಾಳತ್ತ ನೋಡಿ, ಮತ್ತೆ ಕೇಳಿದರು. "ನಿಮ್ಮ ಪಿಂಚಣಿ, ಮನಿ, ಎಲ್ಲಾ ಆಕಿ ನೋಡಿಕೊಳ್ಳಲೇನ್ರಿ?"

"ಆಕೀನ ನೋಡಬೇಕ್ರಿ. ನಂದೆಲ್ಲಾ ಆಕೀ ಕೈಯಾಗ ಕೊಡ್ರಿ." ಅಷ್ಟು ಹೇಳಿ ಅವರು ಮುಂದೆ ಬಾಗಿ, ಪಕ್ಕದಲ್ಲಿದ್ದವಳಿಗೆ ಕೇಳಿಸದಿರಲಿ ಎಂಬಂತೆ ಬಾಯಿಗೆ ಕೈ ಅಡ್ಡ ಹಿಡಿದರು. "ಈ ಬಾಯಿ ಕೈಯಾಗ ಕೊಡಬ್ಯಾಡ್ರಿ. ಈಕಿ ಯಾವಾಗಲೂ ಇಲ್ಲೇ ಇರ್ತಾಳ. ಯಾಕೋ ಗೊತ್ತಿಲ್ಲ."

ಅಧಿಕಾರಿಯ ಪೆನ್ನು ನಿಂತಿತು. "ಏನಂತ ಬರಕೊಳ್ಳಲವಾ?" ಎಂದು ಸಮತಾಳನ್ನೇ ಕೇಳಿದರು.

"ಅಪ್ಪ ಹೇಳಿದ್ದನ್ನ ಬರಕೊಳ್ರಿ," ಎಂದಳು ಆಕೆ.

ನವೆಂಬರಿನಲ್ಲಿ ಆದೇಶ ಬಂತು. ಮಾಳಪ್ಪನವರ ಪರವಾಗಿ ಸಮತಾ ಸಹಿ ಮಾಡಬಹುದು, ಪಿಂಚಣಿ ತೆಗೆಯಬಹುದು, ಆರು ತಿಂಗಳಿಗೊಮ್ಮೆ ಕೋರ್ಟಿಗೆ ಲೆಕ್ಕ ಒಪ್ಪಿಸಬೇಕು, ಕೇಳದೆ ಮನೆ ಮಾರಬಾರದು. ಫೋನಿನಲ್ಲಿ ನುಜಹತ ಸಂತೋಷದಿಂದ ಹೇಳುತ್ತಿದ್ದರು. ಸಮತಾ ಅಬಲೂರಿನ ಗ್ರಂಥಾಲಯದ ಕಟ್ಟೆಯ ಮೇಲೆ ನಿಂತು ಹೌದ್ರಿ, ಹೌದ್ರಿ ಎನ್ನುತ್ತಿದ್ದಳು. ಫೋನು ಇಟ್ಟ ಮೇಲೆ ಇದನ್ನು ಯಾರಿಗೆ ಹೇಳಲಿ ಎಂದು ಯೋಚಿಸಿದಳು. ಹೇಳಬೇಕೆನಿಸಿದ್ದು ಅಪ್ಪನಿಗೆ. ಹತ್ತು ವರ್ಷದ ಹಿಂದಿನ ಅಪ್ಪನಿಗೆ. ಯಾವ ಕೋರ್ಟು, ಎಷ್ಟು ತಾರೀಖು, ಜಡ್ಜರು ಏನು ಕೇಳಿದರು, ಎಲ್ಲವನ್ನೂ ಅವರು ಬಿಡಿಸಿ ಬಿಡಿಸಿ ಕೇಳುತ್ತಿದ್ದರು.

ಬದುಕು ತುಸು ಸಲೀಸಾಯಿತು. ಶೇಖವ್ವನಿಗೆ ತಿಂಗಳ ಸಂಬಳ ಗೊತ್ತು ಮಾಡಿದಳು, ಔಷಧ ತಪ್ಪಲಿಲ್ಲ, ಗ್ರಂಥಾಲಯದ ಬಾಗಿಲು ದಿನವೂ ತೆರೆಯಿತು. ಸಂಜೆ ಐದಾದರೆ ಮಾಳಪ್ಪನವರು ಕುರ್ಚಿಯನ್ನು ರಸ್ತೆಗೆ ಮುಖ ಮಾಡಿಸಿಕೊಂಡು ಕೂರುತ್ತಿದ್ದರು. ಐದೂವರೆಗೆ ಸಮತಾ ಬಸ್ಸಿಳಿದು ನಡೆದು ಬಂದರೆ ಆಕೆಯನ್ನೇ ಕೇಳುವರು:

"ಬಾಯಾರ, ಅಬಲೂರ ಬಸ್ ಬಂತೇನ್ರಿ?"

"ಬಂತು."

"ಅದರಾಗ ನನ್ನ ಮಗಳು ಇಳದ್ಲೇನು?"

ಮೊದಮೊದಲು ಆಕೆ, "ನಾನ ಅಪ್ಪಾ, ನಾನ ಸಮತಾ," ಎನ್ನುತ್ತಿದ್ದಳು. ಅವರು ಸಿಟ್ಟಾಗುತ್ತಿರಲಿಲ್ಲ, ಹೆದರುತ್ತಿದ್ದರು. ಯಾರೋ ತನ್ನನ್ನು ಮೋಸ ಮಾಡುತ್ತಿದ್ದಾರೆ ಎಂದು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿಯುತ್ತಿದ್ದರು. ಆಮೇಲೆ ಆಕೆ ಹಾಗೆ ಹೇಳುವುದನ್ನು ಬಿಟ್ಟಳು. "ಮುಂದಿನ ಬಸ್ಸಿಗೆ ಬರಬೌದ್ರಿ," ಎಂದು ಚೀಲ ಇಳಿಸಿ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಇಬ್ಬರೂ ರಸ್ತೆ ನೋಡುತ್ತ ಸಮತಾಳಿಗಾಗಿ ಕಾಯುತ್ತಿದ್ದರು.

ಹಾಗೆ ಕಾಯುವಾಗ ಅವರಿಗೆ ಮಾತು ಬರುತ್ತಿತ್ತು. ಪರಿಚಯವಿಲ್ಲದ ಹೆಣ್ಣುಮಗಳ ಮುಂದೆ ಮಗಳ ಸುದ್ದಿ. ಎಷ್ಟನೆಯ ಇಯತ್ತೆಯಲ್ಲಿ ಮೊದಲ ನಂಬರು ಬಂದಳು, ಯಾವ ಅಂಗಿಗೆ ಹಟ ಹಿಡಿದಳು. ಒಂದು ಸಂಜೆ ಬಂಕಾಪುರದ ಮಾತು ಬಂತು.

"ಆಕೀನ ಕರಕೊಂಡ ಬರಾಕ ಹೋಗಿದ್ದೆ. ಬಸ್ಸಿನ್ಯಾಗ ನನಗ ಏನ ಮಾತಾಡಬೇಕ ತಿಳೀಲಿಲ್ಲ. ಸುಮ್ಮನ ಕುಂತ್ರ ಆಕಿ ಅಳ್ತಾಳ ಅಂತ ಬರೇ ಕೆಲಸದ ಸುದ್ದಿ ಹೇಳಿದೆ. ಬಸ್ ನಿಂತಾಗ ಚಹಾ ತರ್ತೇನಿ ಅಂತ ಇಳದು, ಆ ಕಡೆ ಗೋಡಿ ಹಿಂದ ನಿಂತು ಅತ್ತೆ. ಆಕಿಗೆ ಗೊತ್ತಿಲ್ಲ. ನೀವೂ ಹೇಳಬ್ಯಾಡ್ರಿ."

"ಹೇಳಂಗಿಲ್ರಿ," ಎಂದಳು ಸಮತಾ.

ಆಕೆಗೆ ಆ ಚಹಾ ನೆನಪಿತ್ತು. ಅಪ್ಪ ತಂದುಕೊಡುವಷ್ಟರಲ್ಲಿ ಅದು ಆರಿಹೋಗಿತ್ತು. ಬಸ್ಸಿನಲ್ಲಿ ಕುಳಿತ ಆ ಇಪ್ಪತ್ತಮೂರರ ಹುಡುಗಿಯ ಬಗ್ಗೆ ಆಕೆಗೆ ಹೊಟ್ಟೆಕಿಚ್ಚಿನಂಥದು ಏನೋ ಆಯಿತು. ಇಷ್ಟು ವರ್ಷವಾದರೂ ಆ ಹುಡುಗಿಗಾಗಿ ಕಾಯುವವರಿದ್ದರು.

ಮಾಳಪ್ಪನವರು ೨೦೨೫ರ ಜನವರಿಯಲ್ಲಿ ತೀರಿಕೊಂಡರು. ಚಳಿಗೆ ಎದೆಯಲ್ಲಿ ಕಫ ಕಟ್ಟಿತು, ನಾಲ್ಕು ದಿನ ಆಸ್ಪತ್ರೆ. ಫಕ್ಕೀರೇಶ ಎರಡನೆಯ ದಿನ ಬಂದ. ಸುಮಾರು ಎರಡು ವರ್ಷದ ಮೇಲೆ ಅಕ್ಕ ತಮ್ಮ ಎದುರುಬದುರಾದದ್ದು ಹಾಸಿಗೆಯ ಆಚೆ ಈಚೆ. ಅವನು ಅಪ್ಪನ ಗಲ್ಲ ಸವರಿ ನೋಡಿ, "ಚಂದ ಹೆರ್ದಿ," ಎಂದ. ಅಷ್ಟೇ.

ಎಲ್ಲ ಮುಗಿದ ಹದಿನೈದು ದಿನಕ್ಕೆ ಇಬ್ಬರೂ ಬ್ಯಾಂಕಿಗೆ ಹೋದರು. ಸಮತಾ ಅಭ್ಯಾಸಬಲದಿಂದ ಹೈಕೋರ್ಟಿನ ಆದೇಶವನ್ನು ಮುಂದಿಟ್ಟಳು. ಮ್ಯಾನೇಜರು ಅದನ್ನು ನಿಧಾನವಾಗಿ ಅವಳತ್ತಲೇ ಸರಿಸಿದರು.

"ಇದು ಅವರು ಇರೂತನಕ ಅಷ್ಟ ನಡೀತಿತ್ರಿ. ಈಗ ವಾರಸುದಾರರ ಫಾರ್ಮ್ ತುಂಬಬೇಕು."

ಫಾರ್ಮಿನಲ್ಲಿ 'ಮೃತರಿಗೆ ಸಂಬಂಧ' ಎಂಬ ಕಡೆ ಆಕೆ 'ಮಗಳು' ಎಂದು ಬರೆದಳು. ಹದಿನಾಲ್ಕು ತಿಂಗಳು ಇದೇ ಕೌಂಟರಿನಲ್ಲಿ 'ಗಾರ್ಡಿಯನ್' ಎಂದು ಬರೆದಿದ್ದ ಕೈ. ಪೆನ್ನನ್ನು ತಮ್ಮನಿಗೆ ಕೊಟ್ಟಳು. ಅವನು ಕೆಳಗಿನ ಸಾಲು ತುಂಬಿದ.

ಹೊರಗೆ ಬಂದು ಇಬ್ಬರೂ ಬಸ್‌ಸ್ಟ್ಯಾಂಡಿಗೆ ಹೋದರು. ಹಾವೇರಿ ಬಸ್ಸು ನಿಂತಿತ್ತು, ಅಲ್ಲಿಂದ ಶಿಗ್ಗಾಂವಿಗೆ. ಮೆಟ್ಟಿಲಿಗೆ ಕಾಲಿಟ್ಟವನು ತಿರುಗಿದ.

"ಅಕ್ಕ, ಅಪ್ಪ ನನ್ನ ನೆನಸ್ತಿದ್ನೇನು?"

ಸಮತಾಳಿಗೆ ಸುಳ್ಳು ಹೇಳುವುದಾಗಲಿಲ್ಲ. "ಹೆಸರ ಹಿಡದು ನೆನಸ್ಲಿಲ್ಲ. ಹ್ವಾದ ಬ್ಯಾಸಗಿ ಒಳಗ ನಡುಮನಿ ಫ್ಯಾನು ಕಿರ್‌ಗುಡಾಕ ಹತ್ತಿತ್ತು. ರಿಪೇರಿಯಾಂವನ್ನ ಕರಸಿದ್ರ ಮುಟ್ಟಾಕ ಕೊಡಲಿಲ್ಲ. 'ಹುಡುಗ ಬರ್ತಾನ, ಅಂವ ಮಾಡ್ತಾನ' ಅಂತಿದ್ದ. ಹಂಗ ಬಿಟ್ಟೇನಿ."

ಕಂಡಕ್ಟರು ಸೀಟಿ ಊದಿದರು. ಫಕ್ಕೀರೇಶ ಕಾಲು ಕೆಳಗಿಳಿಸಿದ. ಬಸ್ಸು ಹೋಯಿತು.

"ಸ್ಕ್ರೂಡ್ರೈವರ್ ಐತೇನ್ ಮನ್ಯಾಗ?" ಎಂದ.

"ಅಪ್ಪನ ಟ್ರಂಕಿನ್ಯಾಗ ಇರಬೇಕು."

ಇಬ್ಬರೂ ನಡೆದರು. ಅವನು ಸ್ಟೂಲು ಹತ್ತಿ, ಫ್ಯಾನಿನ ಬಟ್ಟಲು ಬಿಚ್ಚಿ, ಒಂದೊಂದೇ ರೆಕ್ಕೆ ಕಳಚಿ ಕೆಳಗೆ ಕೊಟ್ಟ. ಆಕೆ ಇಸಿದುಕೊಂಡು ಧೂಳು ಒರೆಸಿ ಚಾಪೆಯ ಮೇಲೆ ಸಾಲಾಗಿ ಇಟ್ಟಳು. ಮುಂದಿನ ಬಸ್ಸು ಎಷ್ಟೊತ್ತಿಗೆ ಎಂದು ಅವನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಮೊದಲನೆಯ ರೆಕ್ಕೆಯನ್ನು ಆಕೆ ಮತ್ತೊಮ್ಮೆ ಎತ್ತಿಕೊಂಡು, ಅಂಚಿನಲ್ಲಿ ಉಳಿದಿದ್ದ ಕಲೆಯನ್ನು ಒದ್ದೆ ಬಟ್ಟೆಯಿಂದ ಉಜ್ಜತೊಡಗಿದಳು.